ಬರೆದ ಕಾವ್ಯ ಸಿಗಲಿಲ್ಲ, ವ್ಯಾಕರಣ ಉಳಿಯಿತು: ಇದು ಕೇಶಿರಾಜನ ಕಥೆ

ಅಂಗಡಿಗೆ ಬಂದ ಜನರನ್ನು ‘ಇಬ್ಬರು’ ಅಂತೀವಿ, ತೆಂಗಿನಕಾಯಿಯನ್ನು ‘ಎರಡು’ ಅಂತೀವಿ. ‘ಇಬ್ಬರು ತೆಂಗಿನಕಾಯಿ ಕೊಡಿ’ ಅಂತ ಚಿಕ್ಕ ಮಕ್ಕಳೂ ಕೇಳಲ್ಲ. ನಮ್ಮ ಮಾತಿನ ಇಂಥ ಕಟ್ಟಳೆಗಳನ್ನು ಸುಮಾರು 760 ವರ್ಷಗಳ ಹಿಂದೆಯೇ ಬರೆದಿಟ್ಟವನು ಕೇಶಿರಾಜ.

ಹುಟ್ಟಿದ್ದು ಹೊಯ್ಸಳರ ಕಾಲದ ಕವಿಮನೆತನದಲ್ಲಿ. ತಂದೆ ‘ಸೂಕ್ತಿಸುಧಾರ್ಣವ’ ಸಂಕಲಿಸಿದ ಮಲ್ಲಿಕಾರ್ಜುನ. ತಾಯಿಯ ತಂದೆ ಸುಮನೋಬಾಣ. ‘ಯಶೋಧರ ಚರಿತೆ’ಯ ಜನ್ನ ಸ್ವಂತ ಸೋದರಮಾವ.

ಕೇಶಿರಾಜನೂ ಕಾವ್ಯ ಬರೆದ. ಚೋಳಪಾಲಕ ಚರಿತೆ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಎಂಬ ಹೆಸರುಗಳಿವೆ, ಆದರೆ ಒಂದೂ ಸಿಕ್ಕಿಲ್ಲ. ಕೈಗೆ ಸಿಕ್ಕಿದ್ದು 1260ರ ಸುಮಾರಿನ ವ್ಯಾಕರಣ ‘ಶಬ್ದಮಣಿದರ್ಪಣ’ ಮಾತ್ರ.

ಸಂಸ್ಕೃತದಲ್ಲಿ ‘ಕಲತ್ರ’ ಅಂದ್ರೆ ಹೆಂಡತಿ, ಆದರೂ ಆ ಪದ ನಪುಂಸಕಲಿಂಗ. ಕನ್ನಡದ ದಾರಿ ಬೇರೆ ಅಂತ ಕೇಶಿರಾಜ ಗುರುತಿಸಿದ. ಇಲ್ಲಿ ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತೆ. ಇಂದಿನ ಮಾತಲ್ಲೇ ನೋಡಿ: ಅಣ್ಣ ಬಂದ, ಅಕ್ಕ ಬಂದಳು, ಬಸ್ಸು ಬಂತು. ಗುಣ ಹೇಳುವ ಪದವೂ ಹಾಗೇ: ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು.

ನಿಯಮಗಳನ್ನು ಮನಸ್ಸಿಗೆ ಬಂದಂತೆ ಮಾಡಲಿಲ್ಲ. ಹಿಂದಿನ ಕವಿಗಳ ಬಳಕೆಯನ್ನೇ ಆಧಾರವಾಗಿಟ್ಟುಕೊಂಡ. ಕೃತಿಗಳೇ ಸಿಗದ ಗಜಗ, ಗುಣನಂದಿಯರ ಹೆಸರನ್ನೂ ಅದರಲ್ಲಿ ಸ್ಮರಿಸಿದ್ದಾನೆ.

ಓಲೆಗರಿಯಲ್ಲಿದ್ದ ಈ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಜರ್ಮನಿಯ ಫರ್ಡಿನೆಂಡ್ ಕಿಟೆಲ್. ಕನ್ನಡ ತನ್ನ ಕಟ್ಟಳೆಯಲ್ಲೇ ನಡೆಯುವ ಭಾಷೆ ಅನ್ನೋದಕ್ಕೆ ಇವತ್ತಿಗೂ ವಿದ್ವಾಂಸರು ಮೊದಲು ತೆರೆಯೋದು ಕೇಶಿರಾಜನ ಪುಸ್ತಕವನ್ನೇ.