ಸಂತ ಕ್ಲಾರಮ್ಮನವರ ಮುಸುಕು

ಇಟಲಿ ದೇಶದ ಅಸ್ಸಿಸಿಯ ಕುಲೀನ ಮನೆತನವೊಂದರಲ್ಲಿ ಜನಿಸಿದ ಕ್ಲಾರಮ್ಮನವರಿಗೆ ಬಂಧುಗಳು ಅನುರೂಪನಾದ ವರನನ್ನು ಅರಸುತ್ತಿದ್ದರು. ಆದರೆ ಸಂತ ಫ್ರಾನ್ಸಿಸರ ಬೋಧನೆಯನ್ನು ಆಲಿಸಿದ್ದ ಅವರ ಮನಸ್ಸು ಕ್ರಿಸ್ತರಲ್ಲಿ ನೆಲೆಗೊಂಡಿತ್ತು. 1212ರ ಗರಿಗಳ ಭಾನುವಾರದ ರಾತ್ರಿ ಅವರು ಮನೆಯವರಿಗೆ ತಿಳಿಯದಂತೆ ಹೊರಟು, ಫ್ರಾನ್ಸಿಸರು ನೆಲೆಸಿದ್ದ ಪೋರ್ಸಿಯುಂಕುಲದ ಕಿರುದೇವಾಲಯವನ್ನು ಸೇರಿದರು. ಅಲ್ಲಿ ಫ್ರಾನ್ಸಿಸರು ಅವರ ಕೇಶವನ್ನು ಕತ್ತರಿಸಿದರು. ಬೆಲೆಬಾಳುವ ಉಡುಪಿಗೆ ಬದಲಾಗಿ ಒರಟು ನಿಲುವಂಗಿಯೂ ಶಿರಕ್ಕೆ ಮುಸುಕೂ ಲಭಿಸಿದವು.

ಬಳಿಕ ಬೆನೆಡಿಕ್ಟ್ ಸಭೆಯ ಕನ್ಯಾಮಠದಲ್ಲಿ ಆಶ್ರಯ ಪಡೆದ ಅವರನ್ನು ಬಲಾತ್ಕಾರವಾಗಿ ಕರೆದೊಯ್ಯಲು ಬಂಧುಗಳು ಬಂದರು. ಕ್ಲಾರಮ್ಮನವರು ಬಲಿಪೀಠದ ವಸ್ತ್ರವನ್ನು ಬಿಗಿಹಿಡಿದು, ತಮ್ಮ ಮುಸುಕನ್ನು ಸರಿಸಿ, ಕೇಶವಿಲ್ಲದ ಶಿರವನ್ನು ತೋರಿಸಿದರು. ತಾವು ದೇವರಿಗೆ ಮೀಸಲಾದವರೆಂಬುದಕ್ಕೆ ಅದೇ ಅವರ ಉತ್ತರ. ಬಂದವರು ಕೊನೆಗೆ ಸೋತು ಹಿಂದಿರುಗಿದರು.

ಮುಂದೆ ಸಂತ ದಮಿಯಾನರ ದೇವಾಲಯದ ಬಳಿ ಸಹೋದರಿಯರೊಡನೆ ನೆಲೆಸಿ, ಆಸ್ತಿಯೇನನ್ನೂ ಹೊಂದದೆ ಬಾಳುವ ಹಕ್ಕಿಗಾಗಿ ಅವರು ಜೀವನವಿಡೀ ಶ್ರಮಿಸಿದರು. ಅವರು ರಚಿಸಿದ ನಿಯಮಾವಳಿಗೆ ಜಗದ್ಗುರು ನಾಲ್ಕನೆಯ ಇನ್ನೊಸೆಂಟರು 1253ರ ಆಗಸ್ಟ್ 9ರಂದು ಅನುಮೋದನೆಯಿತ್ತರು. ಎರಡು ದಿನಗಳ ತರುವಾಯ ಕ್ಲಾರಮ್ಮನವರು ಪ್ರಭುವಿನಲ್ಲಿ ನಿದ್ರಿಸಿದರು. 1255ರಲ್ಲಿ ಅವರಿಗೆ ಸಂತಪದವಿ ದೊರೆಯಿತು.

ಕನ್ಯಾಸ್ತ್ರೀಯರ ಮುಸುಕನ್ನು ಕಂಡಾಗಲೆಲ್ಲ ಅದರ ಮರೆಯಲ್ಲಿರುವ ಸಮರ್ಪಣೆಯನ್ನು ನಾವು ಸ್ಮರಿಸೋಣ.