ಹಿಮಗಾಡಿಯ ಜನಕ ಬೊಂಬಾರ್ಡಿಯರ್

ಉಷ್ಣಮಾಪಕದೊಳಗಿನ ಪಾದರಸವು ಸೊನ್ನೆಗಿಂತ ಸುಮಾರು ೩೯ ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದರೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ನಮ್ಮ ನಾಡಿನವರಿಗೆ ಇದು ಪುಸ್ತಕದಿಂದ ತಿಳಿಯಬೇಕಾದ ಸಂಗತಿ. ಕೆನಡಾ ದೇಶದ ಉತ್ತರ ಭಾಗದಲ್ಲಿ ಬಾಳುವವರಿಗಾದರೋ ಇದು ಚಳಿಗಾಲದ ಅನುಭವ. ಅಲ್ಲಿ ಹಿಮ ಬಿದ್ದಿತೆಂದರೆ ದಾರಿ, ಬೇಲಿ, ಹೊಲಗಳೆಲ್ಲ ಒಂದೇ ಬಿಳಿಯ ಹೊದಿಕೆಯಡಿ ಮರೆಯಾಗುತ್ತವೆ. ಒಂದು ಕಾಲದಲ್ಲಿ ಹಳ್ಳಿಯವರು ತಮ್ಮ ಮೋಟಾರುಗಳನ್ನು ಕೊಟ್ಟಿಗೆಯಲ್ಲಿಟ್ಟು ವಸಂತದವರೆಗೆ ಕಾಯುತ್ತಿದ್ದರು. ಕುದುರೆಯ ಜಾರುಬಂಡಿಯೊಂದೇ ಅವರಿಗೆ ಗತಿಯಾಗಿದ್ದಿತು. ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಾದರೆ ವೈದ್ಯನು ಬರುವಂತಿಲ್ಲ, ರೋಗಿಯು ಹೋಗುವಂತಿಲ್ಲ.

ಈ ಕಷ್ಟವನ್ನು ನೀಗುವುದಕ್ಕೆ ತನ್ನ ಆಯುಷ್ಯವನ್ನೇ ಸವೆಸಿದವನು ಒಬ್ಬ ಹಳ್ಳಿಯ ಮೆಕ್ಯಾನಿಕ್. ಅವನ ಹೆಸರು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್. ಮುಂದೆ ಆ ಹೆಸರಿನ ಕಂಪನಿಯು ವಿಮಾನಗಳನ್ನೂ ರೈಲುಗಳನ್ನೂ ಕಟ್ಟಿತು. ದೆಹಲಿಯ ಮೆಟ್ರೋ ಗಾಡಿಗಳಲ್ಲಿ ಕೆಲವು ಆ ಕಂಪನಿ ತಯಾರಿಸಿದವು. ಹೆಸರನ್ನು ಕಂಡವರು ನಮ್ಮಲ್ಲೂ ಇದ್ದಾರೆ, ಮನುಷ್ಯನನ್ನು ಬಲ್ಲವರು ಕಡಿಮೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಈತನ ಜೀವನವು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದರಿಂದ ನನ್ನ ಸಹಪಾಠಿಗಳ ಮುಂದೆ ಅದನ್ನು ಇಡಬೇಕೆನಿಸಿತು.

ಬೊಂಬಾರ್ಡಿಯರ್ ಹುಟ್ಟಿದುದು ೧೯೦೭ನೆಯ ಇಸವಿ ಏಪ್ರಿಲ್ ೧೬ರಂದು, ಕ್ವೆಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ. ಮನೆಮಾತು ಫ್ರೆಂಚ್. ತಂದೆ ಅಲ್ಫ್ರೆಡ್ ಮೊದಲು ಬೇಸಾಯಗಾರ, ಬಳಿಕ ಅಂಗಡಿಕಾರ. ಎಂಟು ಮಕ್ಕಳಲ್ಲಿ ಇವನೇ ಹಿರಿಯ. ಗಡಿಯಾರವೇ ಆಗಲಿ, ಆಟಿಕೆಯೇ ಆಗಲಿ, ಕೈಗೆ ಸಿಕ್ಕಿದುದನ್ನು ಬಿಚ್ಚಿ ಮತ್ತೆ ಜೋಡಿಸುವುದು ಹುಡುಗನ ಆಟ. ಮನೆಯ ಕಾರಿನ ಮೇಲೂ ಅವನ ಕಣ್ಣು ಬಿದ್ದಾಗ ತಂದೆಯು ಹಳೆಯದೊಂದು ಫೋರ್ಡ್ ಮಾಡೆಲ್ ಟಿ ಗಾಡಿಯನ್ನು ಅವನಿಗೆ ಕೊಟ್ಟುಬಿಟ್ಟನು. ಅದರ ಫಲ ೧೯೨೨ರ ಡಿಸೆಂಬರ್ ೩೧ರಂದು ಊರಿನವರ ಕಣ್ಣಿಗೆ ಬಿದ್ದಿತು. ಹದಿನೈದರ ಬಾಲಕನು ಆ ಎಂಜಿನನ್ನು ಜಾರುಬಂಡಿಯ ಮೇಲೆ ಕೂರಿಸಿ, ತಾನೇ ಕೆತ್ತಿದ ಮರದ ಪಂಖವನ್ನು ಅದಕ್ಕೆ ಸಿಕ್ಕಿಸಿ, ತಮ್ಮ ಲಿಯೋಪೋಲ್‌ನೊಡನೆ ಹಿಮದ ಮೇಲೆ ಗಾಡಿಯನ್ನು ಓಡಿಸಿಯೇ ಬಿಟ್ಟನು. ಹಿಂದುಗಡೆ ತೆರೆದ ಪಂಖವು ಕತ್ತಿಯಂತೆ ತಿರುಗುತ್ತಿದ್ದುದನ್ನು ಕಂಡ ತಂದೆಗೆ ಎದೆ ಝಲ್ಲೆಂದಿತು. ಆ ಯಂತ್ರವನ್ನು ಕೂಡಲೆ ಬಿಚ್ಚಿಡಬೇಕೆಂದು ಕಟ್ಟಪ್ಪಣೆಯಾಯಿತು. ಗಾಡಿ ಬಿಚ್ಚಿಹೋಯಿತು, ಹಿಮದ ಮೇಲೆ ಓಡುವ ಯಂತ್ರದ ಕನಸು ಉಳಿಯಿತು.

ಮಗನು ಪಾದ್ರಿಯಾಗಬೇಕೆಂಬುದು ಹೆತ್ತವರ ಆಸೆಯಾಗಿದ್ದಿತು. ಅದಕ್ಕಾಗಿ ಅವನನ್ನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಶೆರ್ಬ್ರೂಕ್ ಪಟ್ಟಣದ ಮಠಶಾಲೆಗೆ ಸೇರಿಸಿದ್ದರು. ಹದಿನೇಳರ ಹೊತ್ತಿಗೆ ತನ್ನ ದಾರಿ ಅದಲ್ಲವೆಂದು ತಂದೆಯನ್ನು ಒಪ್ಪಿಸಿ, ಆತನು ಗ್ಯಾರೇಜೊಂದರಲ್ಲಿ ಕೆಲಸ ಕಲಿಯಲು ನಿಂತನು. ಆಮೇಲೆ ಮಾಂಟ್ರಿಯಲ್ ನಗರಕ್ಕೆ ಹೋಗಿ ಹಗಲು ದುಡಿದನು, ರಾತ್ರಿ ಯಂತ್ರಶಾಸ್ತ್ರ ಮತ್ತು ವಿದ್ಯುಚ್ಛಾಸ್ತ್ರಗಳನ್ನು ಓದಿದನು. ಆ ಶಾಸ್ತ್ರಗಳ ಪುಸ್ತಕ ಪತ್ರಿಕೆಗಳನ್ನು ತಿಳಿಯಲು ಇಂಗ್ಲಿಷನ್ನೂ ಕಲಿತನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಪದವಿಯೆಂಬುದು ನನ್ನಂಥವರಿಗೆ ಎಷ್ಟು ದೊಡ್ಡ ಮಾತೆಂಬುದನ್ನು ನಾನು ಬಲ್ಲೆ. ಆದರೆ ಪದವಿಯಿಲ್ಲದ ಈ ತರುಣನು ತನಗೆ ಬೇಕಾದ ವಿದ್ಯೆಯನ್ನು ಹುಡುಕಿಕೊಂಡು ಹೋದ ರೀತಿಯನ್ನು ನೋಡಿದರೆ, ಪರೀಕ್ಷೆಗೆಂದು ಓದುವುದಕ್ಕೂ ಕೆಲಸಕ್ಕೆಂದು ಓದುವುದಕ್ಕೂ ಇರುವ ಅಂತರ ಹೊಳೆಯುತ್ತದೆ.

೧೯೨೬ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಂದೆಯ ಹಣದ ನೆರವಿನಿಂದ ವಾಲ್ಕೂರಿನಲ್ಲಿ ತನ್ನದೇ ಗ್ಯಾರೇಜನ್ನು ತೆರೆದನು. ಕೆಲವೇ ವರ್ಷಗಳಲ್ಲಿ ಆ ಸಾಲವನ್ನು ತೀರಿಸಿದನು. ಕೊಳ್ಳಲು ಹಣವಿಲ್ಲದ ಉಪಕರಣಗಳನ್ನು ತಾನೇ ಮಾಡಿಕೊಂಡನು. ೧೯೨೯ರಲ್ಲಿ ಇವೋನ್ ಲಾಬ್ರೆಕ್ ಎಂಬಾಕೆಯನ್ನು ಮದುವೆಯಾದನು. ಬೇಸಗೆಯಲ್ಲಿ ಊರವರ ಗಾಡಿಗಳ ರಿಪೇರಿ, ಚಳಿಗಾಲದಲ್ಲಿ ಹಿಮಗಾಡಿಯ ಪ್ರಯೋಗ, ಹೀಗೆ ವರ್ಷಗಳು ಉರುಳಿದವು. ಸಮಸ್ಯೆ ಸರಳವಾಗಿ ಕಾಣುತ್ತದೆ: ಭಾರವಾದ ಗಾಡಿ ಹಿಮದಲ್ಲಿ ಹೂತುಹೋಗಬಾರದು, ಚಕ್ರವು ನಿಂತಲ್ಲೇ ಗಿರ್ರನೆ ತಿರುಗಬಾರದು. ಆದರೆ ಒಂದು ಗಾಡಿಯಲ್ಲಿ ಎಂಜಿನ್ ಅತಿಭಾರ, ಇನ್ನೊಂದರಲ್ಲಿ ಹಿಡಿತ ಸಾಲದು; ಉತ್ತರ ಕೈಗೆ ಸಿಕ್ಕದೆ ಜಾರುತ್ತಲೇ ಇದ್ದಿತು.

೧೯೩೪ರ ಚಳಿಗಾಲದಲ್ಲಿ ಆ ಮನೆಗೆ ಸಿಡಿಲೆರಗಿತು. ಎರಡು ವರ್ಷದ ಗಂಡುಮಗುವಿಗೆ ಅಪೆಂಡಿಸೈಟಿಸ್ ತಗುಲಿ ಹೊಟ್ಟೆಯೊಳಗೆ ನಂಜೇರಿತು. ಶಸ್ತ್ರಚಿಕಿತ್ಸೆಯಾಗದೆ ಉಳಿಯುವಂತಿರಲಿಲ್ಲ. ಆಸ್ಪತ್ರೆ ಇದ್ದುದು ಶೆರ್ಬ್ರೂಕಿನಲ್ಲಿ, ಸುಮಾರು ೫೦ ಕಿಲೋಮೀಟರ್ ದೂರ. ದಾರಿಗಳನ್ನು ಹಿಮ ಮುಚ್ಚಿದ್ದಿತು. ಹಿಮದ ಮೇಲೆ ಓಡಬೇಕಾದ ಗಾಡಿಯು ಗ್ಯಾರೇಜಿನಲ್ಲಿಯೇ ಇದ್ದರೂ ಹೊರಡುವ ಸ್ಥಿತಿಯಲ್ಲಿರಲಿಲ್ಲ. ಮಗು ತೀರಿಕೊಂಡಿತು. ಆ ರಾತ್ರಿಗಳಲ್ಲಿ ತಂದೆತಾಯಿಗಳು ಏನೇನು ನೆನೆದರೋ, ಅದನ್ನು ಊಹಿಸಿ ಬರೆಯುವ ಹಕ್ಕು ನನಗಿಲ್ಲ. ನಡೆದುದಿಷ್ಟು: ಆತನು ಮತ್ತೆ ಗ್ಯಾರೇಜಿಗೆ ಹೋದನು, ಕೆಲಸವನ್ನು ಮುಂದುವರಿಸಿದನು.

ಮರುವರ್ಷವೇ ಉತ್ತರ ದೊರೆಯಿತು. ರಬ್ಬರು ಹೊದಿಸಿದ ಹಲ್ಲುಚಕ್ರ. ಅದು ಕಚ್ಚಿ ತಿರುಗಿಸುವಂತೆ, ಉಕ್ಕಿನ ಅಡ್ಡಪಟ್ಟಿಗಳಿಂದ ಬಿಗಿದ ಎರಡು ರಬ್ಬರ್ ಪಟ್ಟೆಗಳ ಸುತ್ತು. ಗಾಡಿಯ ಭಾರವು ಉದ್ದವಾದ ಪಟ್ಟೆಯ ಮೇಲೆಲ್ಲ ಹರಡಿಕೊಳ್ಳುವುದರಿಂದ ಅದು ಹಿಮದಲ್ಲಿ ಹೂಳುವುದಿಲ್ಲ. ಮುಂದುಗಡೆಯ ಜಾರುಹಲಗೆಗಳು ದಿಕ್ಕನ್ನು ತಿರುಗಿಸುತ್ತವೆ. ಈ ರಚನೆಗೆ ೧೯೩೭ರ ಜೂನ್ ತಿಂಗಳಲ್ಲಿ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ-೭ ಗಾಡಿ ಮೊದಲು, ಹನ್ನೆರಡು ಜನ ಕೂರುವ ಬಿ-೧೨ ಬಳಿಕ. ವೈದ್ಯರು, ಪಾದ್ರಿಗಳು, ಅಂಚೆಯವರು ಇವನ್ನು ಕೊಂಡರು. ರೋಗಿಗಳನ್ನು ಸಾಗಿಸಲೂ ಮಕ್ಕಳನ್ನು ಶಾಲೆಗೆ ಒಯ್ಯಲೂ ಇವು ಒದಗಿದವು. ತನ್ನ ಮಗುವಿಗೆ ಸಿಗದ ಗಾಡಿ ಇತರರ ಮಕ್ಕಳಿಗೆ ಸಿಕ್ಕಿತು.

೧೯೪೨ರಲ್ಲಿ ಕಂಪನಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯು ಸೈನ್ಯಕ್ಕಾಗಿ ಹಿಮಗಾಡಿಗಳನ್ನು ಕಟ್ಟಿತು. ಯುದ್ಧ ಮುಗಿದ ಮೇಲೆ ವ್ಯಾಪಾರ ಕುದುರಿತೆನ್ನುವಷ್ಟರಲ್ಲಿ ವಿಚಿತ್ರವಾದ ಪೆಟ್ಟೊಂದು ಬಿದ್ದಿತು. ೧೯೪೮ರಲ್ಲಿ ಕ್ವೆಬೆಕ್ ಸರ್ಕಾರವು ಹಳ್ಳಿಯ ರಸ್ತೆಗಳ ಹಿಮವನ್ನೂ ತೆಗೆಸಲು ನಿರ್ಧರಿಸಿತು. ಜನರಿಗೆ ಒಳ್ಳೆಯದಾಯಿತು, ಕಾರ್ಖಾನೆಯ ಮಾರಾಟ ಕುಸಿಯಿತು. ಬೊಂಬಾರ್ಡಿಯರ್ ರಸ್ತೆಯೊಡನೆ ಹಗೆ ಸಾಧಿಸಲಿಲ್ಲ. ರಸ್ತೆ ಇನ್ನೂ ಎಲ್ಲೆಲ್ಲಿ ಇಲ್ಲವೆಂದು ನೋಡಿದನು. ಮರ ಕಡಿಯುವ ಕಾಡು, ಜೌಗುನೆಲ, ತೈಲ ಹುಡುಕುವ ಪ್ರದೇಶ, ಇವುಗಳಿಗಾಗಿ ೧೯೫೩ರಲ್ಲಿ ಮಸ್ಕೆಗ್ ಎಂಬ ಟ್ರ್ಯಾಕ್ಟರನ್ನು ಹೊರತಂದನು. ೧೯೫೭-೫೮ರಲ್ಲಿ ವಿವಿಯನ್ ಫುಕ್ಸ್ ತಂಡವು ದಕ್ಷಿಣ ಧ್ರುವಖಂಡವನ್ನು ಅಡ್ಡಹಾಯಲು ಹೊರಟಾಗ ಅವರ ಗಾಡಿಗಳ ಸಾಲಿನಲ್ಲಿ ಒಂದು ಮಸ್ಕೆಗ್ ಕೂಡ ಇದ್ದಿತು.

ಆದರೂ ಬಾಲ್ಯದ ಕನಸು ಬೇರೆಯೇ ಆಗಿದ್ದಿತು. ಒಬ್ಬಿಬ್ಬರು ಏರಿ ಹೋಗುವ ಹಗುರವಾದ ಗಾಡಿ ಅವನಿಗೆ ಬೇಕಾಗಿದ್ದಿತು. ಗಾಳಿಯಿಂದಲೇ ತಣ್ಣಗಾಗುವ ಸಣ್ಣ ಎಂಜಿನುಗಳು ೧೯೫೦ರ ದಶಕದಲ್ಲಿ ಬಂದುದರಿಂದ ಅದು ಸಾಧ್ಯವಾಯಿತು. ಮಗ ಜೆರ್ಮೇನ್‌ನ ನೆರವಿನಿಂದ ಬೆಸುಗೆಯಿಲ್ಲದ ಒಂದೇ ಅಗಲವಾದ ರಬ್ಬರ್ ಪಟ್ಟೆ ಸಿದ್ಧವಾಯಿತು. ೧೯೫೯ರಲ್ಲಿ ಸ್ಕೀ-ಡೂ ಹುಟ್ಟಿತು. ಏಳು ಅಶ್ವಶಕ್ತಿಯ ಎಂಜಿನ್, ಗಂಟೆಗೆ ಸುಮಾರು ೪೦ ಕಿಲೋಮೀಟರ್ ವೇಗ.

ಇಲ್ಲಿ ಓದುಗರು ಒಂದು ಪ್ರಶ್ನೆಯನ್ನು ಕೇಳಬೇಕು. ಗಾಡಿ ಓಡುವುದು ಸರಿ. ಬೆಳಗಿನ ಜಾವದ ಕೊರೆಯುವ ಚಳಿಯಲ್ಲಿ, ವಿದ್ಯುತ್ತೇ ಇಲ್ಲದ ಕಾಡಿನ ನಡುವೆ, ಅದು ಹೊರಡುವುದೆಂತು? ಹೊರಡದ ಗಾಡಿಯು ಮನೆಯ ಮಗುವನ್ನು ಉಳಿಸಲಾರದೆಂಬುದನ್ನು ಈತನಷ್ಟು ಬಲ್ಲವರಾರು?

ಚಳಿಯು ಎಂಜಿನಿಗೆ ಮೂರು ಬಗೆಯಲ್ಲಿ ಅಡ್ಡಬರುತ್ತದೆ. ಮೊದಲನೆಯದಾಗಿ, ಪೆಟ್ರೋಲು ಆವಿಯಾಗುವುದಿಲ್ಲ; ಹೊತ್ತಿಕೊಳ್ಳುವುದು ದ್ರವವಲ್ಲ, ಆವಿ. ಎರಡನೆಯದಾಗಿ, ಎಣ್ಣೆಯು ಬೆಲ್ಲದ ಪಾಕದಂತೆ ಮಂದವಾಗಿ ಎಂಜಿನ್ ತಿರುಗದಂತೆ ಹಿಡಿಯುತ್ತದೆ. ಮೂರನೆಯದಾಗಿ, ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಸೊನ್ನೆಗಿಂತ ೧೮ ಡಿಗ್ರಿ ಕೆಳಗಾದಾಗ ಸೀಸದ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬರಿದಾದ ಬ್ಯಾಟರಿಯು ಹೆಪ್ಪುಗಟ್ಟಿ ಒಡೆಯುವುದೂ ಉಂಟು. ಎಣ್ಣೆ ಹೆಚ್ಚು ಬಲವನ್ನು ಬೇಡುವ ಹೊತ್ತಿನಲ್ಲಿಯೇ ಬ್ಯಾಟರಿ ಕೈಬಿಡುತ್ತದೆ.

ಆದುದರಿಂದ ಆ ಪುಟ್ಟ ಗಾಡಿ ಬ್ಯಾಟರಿಯನ್ನು ನೆಚ್ಚಲಿಲ್ಲ. ರಾಟೆಗೆ ಸುತ್ತಿದ ಹಗ್ಗವನ್ನು ಸವಾರನು ಎಳೆಯುತ್ತಾನೆ. ಫ್ಲೈವೀಲಿನಲ್ಲಿ ಕೂರಿಸಿದ ಅಯಸ್ಕಾಂತವು ತಂತಿಯ ಸುರುಳಿಯ ಪಕ್ಕದಲ್ಲಿ ರಭಸದಿಂದ ಹಾದುಹೋಗುತ್ತದೆ, ಅಲ್ಲಿಯೇ ವಿದ್ಯುತ್ತು ಹುಟ್ಟಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಇದಕ್ಕೆ ಮ್ಯಾಗ್ನೆಟೊ ಎಂದು ಹೆಸರು. ಫ್ಯಾರಡೆ ೧೮೩೧ರಲ್ಲಿ ಕಂಡ ತತ್ತ್ವವೇ ಇದರ ತಳಹದಿ. ನಮ್ಮ ತೋಟಗಳಲ್ಲಿ ಔಷಧಿ ಹೊಡೆಯುವ ಪೆಟ್ರೋಲ್ ಯಂತ್ರವನ್ನು ಹಗ್ಗವೆಳೆದು ಹೊರಡಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ವಿದ್ಯುತ್ತನ್ನು ಹುಟ್ಟಿಸುವುದು ಮನುಷ್ಯನ ತೋಳು. ತೋಳಿಗೆ ಚಳಿಯಾದರೂ ಅದು ಬರಿದಾಗುವುದಿಲ್ಲ.

ಆದರೆ ಹಗ್ಗವನ್ನು ಸುಮ್ಮನೆ ಎಳೆದರೆ ಸಾಲದು, ಅದಕ್ಕೊಂದು ಕ್ರಮವಿದೆ. ರಾತ್ರಿ ಗಾಡಿಯನ್ನು ಹಿಮದ ಮೇಲೆ ನೇರವಾಗಿ ಬಿಡದೆ ಮರದ ಗಳುಗಳ ಮೇಲೆ ನಿಲ್ಲಿಸಬೇಕು. ಇಲ್ಲವಾದರೆ ಪಟ್ಟೆಯು ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಟ್ಯಾಂಕನ್ನು ತುಂಬಿಡಬೇಕು, ಖಾಲಿ ಜಾಗದ ಗಾಳಿಯಲ್ಲಿನ ತೇವವು ನೀರಾಗಿ, ನೀರು ಮಂಜುಗಡ್ಡೆಯಾಗಿ ಪೆಟ್ರೋಲಿನ ಕೊಳವೆಯನ್ನು ಕಟ್ಟಬಹುದು. ಬೆಳಿಗ್ಗೆ ಮೊದಲು ಹಗ್ಗವನ್ನು ಎರಡು ಮೂರು ಬಾರಿ ಮೆಲ್ಲಗೆ ಎಳೆದು ಮಂದವಾದ ಎಣ್ಣೆಯನ್ನು ಸಡಿಲಿಸಬೇಕು. ಬಳಿಕ ಚೋಕ್ ಎಳೆದು ಗಾಳಿಯನ್ನು ತಗ್ಗಿಸಬೇಕು. ಪೆಟ್ರೋಲಿನ ಪಾಲು ಹೆಚ್ಚಾದರೆ ಅದರಲ್ಲಿ ಆವಿಯಾಗುವ ಅಲ್ಪಭಾಗವೇ ಕಿಡಿಗೆ ಸಾಕಾಗುತ್ತದೆ. ಆಮೇಲೆ ಒಂದೇ ಉಸಿರಿಗೆ ಬಲವಾಗಿ ಎಳೆಯಬೇಕು. ಎಂಜಿನ್ ದನಿಗೂಡಿದ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಕಾವೇರುವ ಮುನ್ನ ಗಾಡಿಯನ್ನು ಓಡಿಸಬಾರದು. ಬಹಳ ಸಲ ಎಳೆದು ಪ್ಲಗ್ಗು ಪೆಟ್ರೋಲಿನಿಂದ ತೊಯ್ದರೆ ಕಿಡಿ ಹಾರದು. ಅದಕ್ಕಾಗಿ ತಿಳಿದವರು ಒಣಗಿದ ಪ್ಲಗ್ಗೊಂದನ್ನು ಮೈಗೆ ತಾಕುವ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತಾರೆ. ಉತ್ತರ ಕೆನಡಾದ ವಿಮಾನ ಚಾಲಕರು ಇದಕ್ಕೂ ಹಿಂದೆಯೇ ರಾತ್ರಿ ಎಂಜಿನಿನ ಎಣ್ಣೆಯನ್ನು ಬಸಿದು ಒಲೆಯ ಬಳಿ ಇಟ್ಟು, ಬೆಳಿಗ್ಗೆ ಬಿಸಿಯಾಗಿ ಸುರಿಯುವ ಪದ್ಧತಿಯನ್ನು ಇಟ್ಟುಕೊಂಡಿದ್ದರು.

ಸ್ಕೀ-ಡೂವಿನ ಪರೀಕ್ಷೆಯು ೧೯೫೯ರ ಏಪ್ರಿಲಿನಲ್ಲಿ ಒಂಟಾರಿಯೋ ಪ್ರಾಂತದ ಉತ್ತರದ ಲ್ಯಾನ್ಸ್‌ಡೌನ್ ಹೌಸ್ ಎಂಬಲ್ಲಿ ನಡೆಯಿತು. ಅಲ್ಲಿ ಓಜಿಬ್ವೆ ಜನರ ನಡುವೆ ಮೋರಿಸ್ ವಿಮೇ ಎಂಬ ಪಾದ್ರಿ ನಾಯಿಗಳ ಜಾರುಬಂಡಿಯಲ್ಲಿ ಸಂಚರಿಸುತ್ತಿದ್ದನು. ಅವನ ಕೈಗೆ ಹೊಸ ಗಾಡಿ ಬಂದಿತು. ಮೊದಲ ಋತುವಿನಲ್ಲಿ ಮಾರಾಟವಾದವು ೨೨೫ ಗಾಡಿಗಳು. ೧೯೬೩-೬೪ರ ವೇಳೆಗೆ ಆ ಸಂಖ್ಯೆ ಎಂಟು ಸಾವಿರವನ್ನು ದಾಟಿತು. ಮುಂದೆ ಇದು ಉಳ್ಳವರ ವಿನೋದದ ವಸ್ತುವೂ ಆಯಿತು. ಕಾಡಿನ ಮೌನ ಕದಡಿತು, ಅಪಘಾತಗಳು ಹೆಚ್ಚಿದವು, ತಲೆಮಾರುಗಳಿಂದ ನಾಯಿಗಳನ್ನು ಸಾಕಿ ಪಳಗಿಸಿದ ವಿದ್ಯೆ ಅನೇಕ ಊರುಗಳಲ್ಲಿ ಮರೆಯಾಯಿತು. ನಾಯಿಯು ಚಳಿಗೆ ಕೆಡುವುದಿಲ್ಲ, ಅದಕ್ಕೆ ಪೆಟ್ರೋಲೂ ಬೇಡ. ಈ ನಷ್ಟವನ್ನು ಮರೆತು ಲಾಭವನ್ನಷ್ಟೇ ಎಣಿಸಿದರೆ ಚರಿತ್ರೆ ಪೂರ್ಣವಾಗದು.

ಬೊಂಬಾರ್ಡಿಯರ್ ಆ ಯಶಸ್ಸಿನ ಆರಂಭವನ್ನು ಮಾತ್ರ ಕಂಡನು. ೧೯೬೪ನೆಯ ಇಸವಿ ಫೆಬ್ರವರಿ ೧೮ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ರೋಗದಿಂದ ಶೆರ್ಬ್ರೂಕಿನಲ್ಲಿ ತೀರಿಕೊಂಡನು. ಮೂವತ್ತು ವರ್ಷಗಳ ಹಿಂದೆ ಮಗುವನ್ನು ತಲುಪಿಸಲಾಗದೆ ಹೋದ ಪಟ್ಟಣವೇ ಅದು. ಅವನ ಹೆಸರಿನಲ್ಲಿ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಪೇಟೆಂಟುಗಳಿದ್ದವು. ವಾಲ್ಕೂರಿನ ವಸ್ತುಸಂಗ್ರಹಾಲಯದಲ್ಲಿ ಅವನ ಮೊದಲ ಗ್ಯಾರೇಜನ್ನು ಕಾಪಾಡಿ ಇಟ್ಟಿದ್ದಾರೆ.

ದೊಡ್ಡ ನಗರದ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯಂತ್ರಗಳನ್ನು ನಾವು ಬೆರಗಿನಿಂದ ನೋಡುತ್ತೇವೆ. ಈತನು ತನ್ನ ಹಳ್ಳಿಯನ್ನು ಬಿಡಲಿಲ್ಲ, ತನ್ನ ಹಳ್ಳಿಯ ಕಷ್ಟವನ್ನೂ ಬಿಡಲಿಲ್ಲ. ಓದು ಮುಗಿಸಿ ಊರಿನಿಂದ ಹೊರಗೆ ಕಣ್ಣಿಟ್ಟಿರುವ ನಾವು, ನಮ್ಮೂರಿನಲ್ಲಿ ಮಳೆಗಾಲದ ಒಂದು ರಾತ್ರಿ ರೋಗಿಯೊಬ್ಬನು ಆಸ್ಪತ್ರೆಗೆ ಹೋಗಬೇಕಾದರೆ ಯಾವ ಹಳ್ಳ ಅಡ್ಡವಾಗುತ್ತದೆಂಬುದನ್ನಾದರೂ ತಿಳಿದಿರಬೇಕು. ಬೊಂಬಾರ್ಡಿಯರ್ ತೊಡಗಿದ್ದು ಅಂತಹದೇ ಒಂದು ಅಡ್ಡಿಯನ್ನು ದಾಟುವುದಕ್ಕೆ.