ಕಲ್ಯದಲ್ಲಿ ನೆಲೆಗೊಂಡ ಪಾಲ್ಕುರಿಕೆ ಸೋಮನಾಥರು

ಮಾಗಡಿ ಸೀಮೆಯ ಕಲ್ಯವು ಇಂದು ಸಣ್ಣ ಗ್ರಾಮವಾದರೂ ಪೂರ್ವದಲ್ಲಿ ಕಲ್ಲೆಹದ ಪಟ್ಟಣವೆಂದು ಹೆಸರಾಂತ ಸ್ಥಳ. ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥರು ತಮ್ಮ ಕಡೆಗಾಲದಲ್ಲಿ ಇಲ್ಲಿಗೆ ಬಂದು ಲಿಂಗೈಕ್ಯರಾದರೆಂದು ಪರಂಪರೆಯು ಹೇಳುತ್ತದೆ. ಓರುಗಲ್ಲಿನ ಕಡೆಯ ಪಾಲ್ಕುರಿಕೆಯೆಲ್ಲಿ, ಕಲ್ಯವೆಲ್ಲಿ! ವಯಸ್ಸು ಮಾಗಿದಂತೆ ಮನುಷ್ಯನು ಪರಿಚಿತರ ನಡುವೆಯೇ ಇರಬಯಸುವುದು ಲೋಕರೂಢಿ. ಸೋಮನಾಥರಾದರೋ ಆ ಪರಿಚಿತ ವಲಯವನ್ನೇ ತೊರೆದು ಬಂದರು.

ಅವರ ಜೀವಿತಕಾಲವನ್ನು ವಿದ್ವಾಂಸರಲ್ಲಿ ಕೆಲವರು ಹನ್ನೆರಡನೆಯ ಶತಮಾನದ ಅಂತ್ಯಕ್ಕೂ ಕೆಲವರು ಹದಿಮೂರರ ಅಂತ್ಯಕ್ಕೂ ನಿಲ್ಲಿಸುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ತಂದೆ ವಿಷ್ಣುರಾಮಿದೇವ, ತಾಯಿ ಶ್ರೀಯಾದೇವಿ. ಆದರೂ ಸೋಮನಾಥರು ತಮ್ಮ ಬಳಗವೆಂದು ಎಣಿಸಿದ್ದು ಶಿವಭಕ್ತರನ್ನೇ. ಪಂಡಿತರು ಮೆಚ್ಚುತ್ತಿದ್ದ ಚಂಪೂಮಾರ್ಗವನ್ನು ಬಿಟ್ಟು, ಜನರು ಹಾಡಿಕೊಳ್ಳಬಲ್ಲ ದ್ವಿಪದಿಯಲ್ಲಿ ಬಸವೇಶ್ವರರ ಚರಿತೆಯನ್ನು ಹೇಳಿದರು. ಅದೇ ವೈರಕ್ಕೆ ಕಾರಣವಾಯಿತು. ಓರುಗಲ್ಲಿನ ಶಿವಾಲಯದಲ್ಲಿ ಭಕ್ತರು ಆ ಪುರಾಣವನ್ನು ಓದುತ್ತಿರಲು, ಅಲ್ಲಿಗೆ ಬಂದ ಕಾಕತೀಯ ಪ್ರತಾಪರುದ್ರನಿಗೆ ಒಬ್ಬ ವಿಪ್ರನು ಅದು ಕೇಳತಕ್ಕ ಗ್ರಂಥವಲ್ಲವೆಂದು ನುಡಿದು, ಅರಸನು ಕೇಳದೆ ಹೊರಟುಹೋಗುವಂತೆ ಮಾಡಿದನೆಂದು ಕಥೆಯಿದೆ. ಆಮೇಲೆ ಸೋಮನಾಥರೇ ಓರುಗಲ್ಲಿಗೆ ಹೋಗಬೇಕಾಯಿತು.

ವಾದದಲ್ಲಿ ಅವರು ಹಿಂಜರಿದವರಲ್ಲ. ಅವರ ಲೇಖನಿ ಬಹು ಹರಿತವಾದುದು. ಅನ್ಯಮತದವರ ವಿಷಯದಲ್ಲಿ ಅತಿ ಕಠಿನವೆಂದೇ ಹೇಳಬೇಕು. ಆದರೆ ಅರಿಯಲೆಂದು ಬರುವವನು ಬೇರೆ, ಗೆಲ್ಲಲೆಂದು ಬರುವವನು ಬೇರೆ. ಎರಡನೆಯವನಿಗೆ ಎಷ್ಟು ಉತ್ತರ ಕೊಟ್ಟರೂ ನಾಳೆ ಮತ್ತೊಂದು ಪ್ರಶ್ನೆ ಸಿದ್ಧ. ಅವನ ಸಂಗದಲ್ಲಿ ಲಿಂಗಪೂಜೆಯ ಹೊತ್ತು ಕಳೆಯುತ್ತದೆ, ಮನಸ್ಸು ಕಲಕುತ್ತದೆ. ಪ್ರಾಯದಲ್ಲಿ ಇದನ್ನು ತಾಳಬಹುದು; ಮುಪ್ಪಿನಲ್ಲಿ ಅಷ್ಟು ಹೊತ್ತು ಉಳಿದಿರುವುದಿಲ್ಲ.

ಬಸವಪುರಾಣದ ತರುವಾಯ ಅವರು ಬರೆದ ಪಂಡಿತಾರಾಧ್ಯಚರಿತೆಯಲ್ಲಿ ಐದು ಪ್ರಕರಣಗಳಿವೆ: ದೀಕ್ಷಾ, ಪುರಾತನ, ವಾದ, ಮಹಿಮಾ, ಪರ್ವತ. ವಾದವು ನಡುವಿನಲ್ಲಿದೆ, ಕಡೆಯಲ್ಲಿಲ್ಲ. ಪಂಡಿತಾರಾಧ್ಯರು ವಾದಿಗಳನ್ನು ಹಿಂದೆ ಬಿಟ್ಟು ಬಸವೇಶ್ವರರ ದರ್ಶನಕ್ಕೆಂದು ಹೊರಟು, ಅವರು ಐಕ್ಯರಾದ ವಾರ್ತೆಯನ್ನು ದಾರಿಯಲ್ಲೇ ಕೇಳಿ, ಶ್ರೀಶೈಲಕ್ಕೆ ನಡೆಯುತ್ತಾರೆ. ಕವಿಯು ಬರೆದ ಈ ದಾರಿಯನ್ನೇ ಕವಿಯ ಬಾಳೂ ಹಿಡಿಯಿತೆಂದು ನನ್ನ ಭಾವನೆ.

ಇದನ್ನು ಸಂಗತ್ಯಾಗವೆಂದರೆ ಪೂರ್ಣ ಸರಿಯಾಗದು. ಅವರು ಸೇರಿದ್ದು ಅಡವಿಯನ್ನಲ್ಲ, ಕನ್ನಡ ನಾಡಿನ ಒಂದು ಪಟ್ಟಣವನ್ನು. ಸಹಸ್ರಗಣನಾಮವೇ ಮೊದಲಾದವನ್ನು ಕನ್ನಡದಲ್ಲಿಯೂ ರಚಿಸಿದವರಿಗೆ ಈ ನುಡಿ ಹೊಸದಲ್ಲ. ಬಿಟ್ಟದ್ದು ಜಗಳದ ನೆಂಟಸ್ತಿಕೆಯನ್ನು, ಭಕ್ತರ ನೆಂಟಸ್ತಿಕೆಯನ್ನಲ್ಲ.

ಇದೇ ಕಲ್ಯದಲ್ಲಿ 1368ರ ಬುಕ್ಕರಾಯನ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ್ದ ವ್ಯಾಜ್ಯವನ್ನು ಅರಸನು ತೀರಿಸಿದ ಶಾಸನ. ವಾದವನ್ನು ಬಿಟ್ಟು ಬಂದವರ ಊರಿನಲ್ಲಿಯೇ ಅಂತಹ ಕಲ್ಲು ನಿಂತಿತು. ಅದರ ಮರುವರ್ಷ, 1369ರಲ್ಲಿ, ಭೀಮಕವಿಯು ಸೋಮನಾಥರ ಬಸವಪುರಾಣವನ್ನು ಕನ್ನಡದ ಷಟ್ಪದಿಗೆ ತಂದನು. ಓರುಗಲ್ಲಿನಲ್ಲಿ ಅರಸನು ಕೇಳದೆ ಹೋದ ಪುರಾಣವನ್ನು ಕನ್ನಡಿಗರು ಕುಳಿತು ಕೇಳಿದರು.